ಕಪಾಳಮೋಕ್ಷ ಮತ್ತು ನಂತರದ ಕ್ರಮಗಳು

ಪೊಲೀಸ್ ಹೊಣೆಗಾರಿಕೆ ಪ್ರಾಧಿಕಾರವು ಸ್ಥಾಪನೆಯಾದ ದಿನದಿಂದ ಪೊಲೀಸರ ಮೇಲೆ ಒಂದೇ ಒಂದು ದೂರನ್ನೂ ಸ್ವೀಕರಿಸಿರಲಿಲ್ಲ. ಆದಕಾರಣ ಪೊಲೀಸರು ಸಂಪೂರ್ಣವಾಗಿ ಸುಧಾರಿಸಿದ್ದಾರೆಂದು ಪ್ರಾಧಿಕಾರವು ತನ್ನ ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ದಾಖಲಿಸಿತ್ತು. ಪ್ರಾಧಿಕಾರದ ಕಚೇರಿ ಪೊಲೀಸ್ ಠಾಣೆಯ ಮಹಡಿಯ ಮೇಲೇ ಇತ್ತು, ಅಲ್ಲಿಗೆ ಹೋಗಬೇಕಾದವರು ಲಾಕಪ್ಪಿನ ಪಕ್ಕದ ಮೆಟ್ಟಿಲನ್ನೇ ಹತ್ತಬೇಕಿತ್ತು. ಈ ಮೆಟ್ಟಿಲಿಗೂ ಆ ಸಾಧನೆಗೂ ಯಾವ ಸಂಬಂಧವೂ ಇಲ್ಲವೆಂದು ಅದೇ ವರದಿಯ ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿತ್ತು.

ಇಂಥ ಸಂಸ್ಥೆಗೆ ಮೊಟ್ಟಮೊದಲ ದೂರು ಕೊಡುವ ಯೋಗ ಕೂಡಿಬಂದದ್ದು ಕೀಲಿಯಣ್ಣನಿಗೆ.

ಕೀಲಿಯಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಬೀಗ ರಿಪೇರಿ, ಕಳೆದುಹೋದ ಕೀಲಿಗೆ ಬದಲಿ ಕೀಲಿ, ಇಷ್ಟೇ ಅವನ ಕಸುಬು. ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲು ಹಚ್ಚಿದ ಹಾಗಿದ್ದ ಅಂಗಡಿ. ಒಳಗೆ ಕೀಲಿಯನ್ನು ಕಚ್ಚಿ ಹಿಡಿಯುವ ಒಂದು ವೈಸು, ನಾಲ್ಕಾರು ಅರ, ಗೋಡೆಯ ತುಂಬ ಮೊಳೆಗೆ ನೇತುಬಿದ್ದ ಹಲ್ಲಿಲ್ಲದ ಕೀಲಿಗಳು. ಹಠ ಹಿಡಿದ ಬೀಗ ಬಂದರೆ ಅವನು ಅದನ್ನು ಮಗುವಿನ ಹಾಗೆ ಎತ್ತಿ ಕಿವಿಗೆ ಹಿಡಿದು, ಒಳಗೊಂದು ಸಣ್ಣ ತಂತಿ ಬಿಟ್ಟು, ಅದು ಟಿಕ್ಕೆನ್ನುವುದನ್ನೇ ಕಾಯುತ್ತಿದ್ದ. "ಬೀಗ ಮಾತಾಡುತ್ತೆ ಕಣ್ರೀ, ನಾವು ಬಾಯಿ ಮುಚ್ಕೊಂಡಿರ್ಬೇಕು ಅಷ್ಟೇ" ಅನ್ನುತ್ತಿದ್ದ. ಬೀದಿಯ ಅರ್ಧ ಮನೆಗಳ ಕೀಲಿ ಅವನ ಕೈಯಲ್ಲಿ ಹಾದುಹೋಗಿದ್ದರೂ ಅದಕ್ಕಾಗಿ ಯಾರೂ ನಿದ್ದೆ ಕೆಡಿಸಿಕೊಂಡವರಲ್ಲ.

ಹೀಗಿರಲು ಔಷಧಿ ಅಂಗಡಿಯ ಮಾಲೀಕರ ಮನೆಯಲ್ಲಿ ಕಳ್ಳತನವಾಯಿತು. ಬೀಗ ಒಡೆದಿರಲಿಲ್ಲ. ಪೊಲೀಸರು ಕೂಡಲೇ ವೈಜ್ಞಾನಿಕ ತನಿಖೆ ಕೈಗೊಂಡರು. ಬೀಗ ಒಡೆದಿಲ್ಲ, ಒಡೆಯದೆ ತೆಗೆಯಬಲ್ಲವನು ಕೀಲಿಯಣ್ಣ, ಆದ್ದರಿಂದ ಕೀಲಿಯಣ್ಣ. ಇದರಲ್ಲಿ ಮೂರು ಹಂತಗಳಿದ್ದುದರಿಂದ ಇದನ್ನು ವೈಜ್ಞಾನಿಕವೆನ್ನಲು ಅಡ್ಡಿಯಿರಲಿಲ್ಲ.

ಠಾಣೆಯ ದಫೇದಾರರು ಬಂದರು. ನಿವೃತ್ತಿಗೆ ಹತ್ತಿರವಾದ, ಮಂಡಿನೋವಿನ, ಸ್ಥೂಲಕಾಯದ ಮನುಷ್ಯ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುತ್ತ ಕೇಳಿದರು: "ನೀನೇನಾ?"

"ಏನು ನಾನೇನಾ, ಸಾರ್?"

ಪ್ರಶ್ನೆಗೆ ಮರುಪ್ರಶ್ನೆ ಹಾಕುವುದು ತನಿಖೆಗೆ ಅಸಹಕಾರವೆನಿಸುತ್ತದೆ. ದಫೇದಾರರ ಕೈ ಎದ್ದಿತು. ಆ ಏಟಿನ ಸದ್ದು ಇಡೀ ಬೀದಿಗೆ ಕೇಳಿಸಿತು, ಕೀಲಿಯಣ್ಣನ ಎಡಗಿವಿಯೊಂದನ್ನು ಬಿಟ್ಟು. ಆ ಕಿವಿಯಲ್ಲಿ ಗುಯ್ ಎಂದು ಶುರುವಾದ ನಾದ ನಿಂತಾಗ ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತುಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮಾಲೀಕರ ಅಳಿಯನೇ ಬಾಗಿಲ ಹಿಂದೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡು ಕೆಲಸ ಮುಗಿಸಿದ್ದನೆಂದು ಗೊತ್ತಾಯಿತು. ಕಳ್ಳತನ ಕುಟುಂಬದ ವಿಷಯವಾಗಿ ಬದಲಾಯಿತು, ದೂರು ವಾಪಸಾಯಿತು. "ಇನ್ನು ಹೊರಡು" ಎಂದು ಠಾಣೆಯಲ್ಲಿ ಕೂರಿಸಿದ್ದ ಕೀಲಿಯಣ್ಣನಿಗೂ ಹೇಳಲಾಯಿತು.

ಅವನು ಹೊರಟ. ಆದರೆ ಅವನು ಬರುವುದರೊಳಗೆ ಬೀದಿ ತೀರ್ಮಾನಕ್ಕೆ ಬಂದಿತ್ತು. ಎದುರಿನ ಕಟಿಂಗ್ ಅಂಗಡಿಯವನು ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: "ನಾನೇನೂ ಅನ್ನಲ್ಲಪ್ಪ. ಆದ್ರೆ ಬೆಂಕಿ ಇಲ್ದೆ ಹೊಗೆ ಆಡುತ್ತಾ? ಪೊಲೀಸ್‌ನೋರಿಗೇನು ಕೈ ಕಡೀತಿತ್ತಾ?" ಮಾರನೆಯ ದಿನ ರಿಪೇರಿಗೆ ಕೊಟ್ಟಿದ್ದ ಬೀಗಗಳನ್ನು ಜನ ರಿಪೇರಿ ಆಗದೆಯೇ ವಾಪಸ್ ಒಯ್ದರು. ಒಬ್ಬ ಅಜ್ಜಿ ಬಂದು, "ಬೇಜಾರ್ ಮಾಡ್ಕೋಬೇಡ ಮಗಾ, ನಮ್ಮನೆ ಬೀಗನೇ ಬದಲಾಯಿಸ್ಬಿಟ್ವಿ" ಎಂದು ಬಹಳ ವಿಶ್ವಾಸದಿಂದ ತಿಳಿಸಿ ಹೋದಳು.

ಮನೆಯಲ್ಲಿ ಹೆಂಡತಿ ಅವನ ಕೆನ್ನೆಗೆ ಬಿಸಿಬಟ್ಟೆ ಒತ್ತುತ್ತ, "ಏಟು ಇವತ್ತಲ್ಲ ನಾಳೆ ಮಾಯುತ್ತೆ ರೀ, ಹೆಸರು ಮಾಯಲ್ಲ. ಹೊಡೆದೋರೇ ನಮ್ಮ ಅಂಗಡಿ ಮುಂದೆ ನಿಂತು 'ತಪ್ಪಾಯ್ತು' ಅಂತ ಒಂದು ಮಾತು ಅನ್ಲಿ. ನಾಲ್ಕು ಜನ ಕೇಳಿಸ್ಕೊಳ್ಲಿ. ನಂಗಿನ್ನೇನೂ ಬೇಡ" ಎಂದಳು.

ಅದಕ್ಕೇ ಕೀಲಿಯಣ್ಣ ಠಾಣೆಗೆ ಹೋಗಿ, "ಸಾರ್, ನಿಮ್ಮ ಮೇಲೆ ದೂರು ಕೊಡ್ಬೇಕಿತ್ತು" ಎಂದ.

"ನಮ್ಮ ಮೇಲೆ ದೂರಾ?" ದೂರು ಬರೆದುಕೊಳ್ಳುವ ರೈಟರು ತಲೆಯೆತ್ತದೆ ಬೆರಳೆತ್ತಿದರು. "ಮೇಲೇ ಕೊಡ್ಬೇಕು."

ಮಹಡಿಯಲ್ಲಿ ಪ್ರಾಧಿಕಾರದ ಅಧ್ಯಕ್ಷರು, ಒಂದು ಕಾಲದಲ್ಲಿ ನ್ಯಾಯಾಧೀಶರಾಗಿದ್ದವರು, ಕಿಟಕಿಯ ಪಕ್ಕ ತೂಕಡಿಸುತ್ತಿದ್ದರು. ದೂರು ಎಂಬ ಶಬ್ದ ಕಿವಿಗೆ ಬೀಳುತ್ತಲೇ ಎದ್ದು ಕೀಲಿಯಣ್ಣನ ಎರಡೂ ಕೈ ಹಿಡಿದುಕೊಂಡರು. ದೂರುಗಳಿಲ್ಲದ ಕಾರಣ ಪ್ರಾಧಿಕಾರವನ್ನೇ ಮುಚ್ಚುವ ಮಾತು ಮೇಲಿನವರಲ್ಲಿ ನಡೆದಿತ್ತು.

"ಕೊನೆಗೂ ಬಂದ್ರಲ್ಲ! ಕೂತ್ಕೊಳ್ಳಿ. ಟೀ ತರ್ಸ್ತೀನಿ. ದೂರು ವಾಪಸ್ ಗೀಪಸ್ ತಗೊಳಲ್ಲ ತಾನೇ?"

"ಇಲ್ಲ ಸಾರ್. ಅವರು ಅಂಗಡಿ ಮುಂದೆ ಬಂದು ತಪ್ಪಾಯ್ತು ಅಂದ್ರೆ ಸಾಕು."

ಅಧ್ಯಕ್ಷರ ಮುಖ ಇಳಿಯಿತು. "ಛೆ ಛೆ, ಅದು ನಮ್ಮ ವ್ಯಾಪ್ತಿಗೆ ಬರಲ್ಲ. ನಮ್ಮದು ಹೊಣೆಗಾರಿಕೆ. ಕ್ಷಮೆ ಎಲ್ಲ ತುಂಬ ವೈಯಕ್ತಿಕ ಆಯ್ತು. ನಾವು ತಜ್ಞರನ್ನ ಕರೆಸೋಣ."

ತಜ್ಞರು ಮೂವರು ಬಂದರು. ಒಬ್ಬರು ಅಪರಾಧಶಾಸ್ತ್ರದ ಪ್ರೊಫೆಸರ್ ಮೇಡಂ, ಇನ್ನೊಬ್ಬರು ನಿವೃತ್ತ ಪೊಲೀಸ್ ಮುಖ್ಯಸ್ಥರು, ಮತ್ತೊಬ್ಬರು ಅಂಕಿಅಂಶದವರು. ಮೊದಲ ದಿನವೆಲ್ಲ 'ಕಪಾಳಮೋಕ್ಷ' ಎಂಬ ಪದದ ಚರ್ಚೆಗೇ ಹೋಯಿತು. ಮೋಕ್ಷವೆಂದರೆ ಪಡೆದವನಿಗೆ ಲಾಭವೆಂದೇ ಅರ್ಥ, ಹಾಗಾಗಿ ದೂರಿನಲ್ಲಿ ಈ ಪದ ಬಳಸಿದರೆ ದೂರುದಾರನು ಫಲಾನುಭವಿಯಾಗುತ್ತಾನೆ ಎಂದು ನಿವೃತ್ತ ಮುಖ್ಯಸ್ಥರು ಆಕ್ಷೇಪಿಸಿದರು. ಸರ್ವಾನುಮತದಿಂದ ಆ ಪದದ ಬದಲು 'ಅಂಗೈ-ಕೆನ್ನೆ ಸಂಪರ್ಕ' ಎಂದು ಬರೆದುಕೊಳ್ಳಲಾಯಿತು.

"ಹೊಡೆದದ್ದು ದಫೇದಾರರಲ್ಲ, ವ್ಯವಸ್ಥೆ" ಎಂದರು ಪ್ರೊಫೆಸರ್ ಮೇಡಂ.

"ವ್ಯವಸ್ಥೆಗೆ ಕೈ ಎಲ್ಲಿದೆ ಮೇಡಂ?" ಎಂದ ಕೀಲಿಯಣ್ಣ.

"ಅದನ್ನೇ ಸಂಶೋಧನೆ ಮಾಡ್ತಾ ಇರೋದು."

"ನಮ್ಮ ಕಾಲದಲ್ಲಿ ಎರಡೂ ಕೈಯಲ್ಲಿ ಹೊಡೀತಿದ್ವಿ. ಸಮತೋಲನ ಇರ್ತಿತ್ತು, ಕಿವಿಗೆ ಏನೂ ಆಗ್ತಿರ್ಲಿಲ್ಲ. ಈಗಿನೋರಿಗೆ ತರಬೇತಿ ಸಾಲ್ದು" ಎಂದು ನಿವೃತ್ತ ಮುಖ್ಯಸ್ಥರು ವಿಷಾದಿಸಿದರು.

ಅಂಕಿಅಂಶದವರು ಮಾತ್ರ ತಲೆ ಕೊಡವಿದರು. "ಒಂದೇ ಏಟಿನ ಮೇಲೆ ಸರಾಸರಿ ತೆಗೆಯೋಕಾಗಲ್ಲ ಸಾರ್. ಇನ್ನೊಂದಾದ್ರೂ ಬೇಕು. ಅದೇ ಕೈ, ಅದೇ ಕೆನ್ನೆ."

ಹೀಗಾಗಿ ದಫೇದಾರರನ್ನು ಕೆಳಗಿನಿಂದ ಕರೆಸಿ ಘಟನೆಯ ಮರುಸೃಷ್ಟಿ ನಡೆಸಲಾಯಿತು. ದಫೇದಾರರು ಸಂಕೋಚದಿಂದ ಮೆಲ್ಲಗೆ ತಟ್ಟಿದರು. "ಹೀಗೆ ಮಾಡಿದ್ರೆ ಲೆಕ್ಕ ಹಾಳಾಗುತ್ತೆ" ಎಂದು ಅಂಕಿಅಂಶದವರು ಗದರಿದ್ದರಿಂದ ಎರಡನೆಯ ಬಾರಿ ಸರಿಯಾಗಿಯೇ ಕೊಟ್ಟರು. ಪ್ರೊಫೆಸರ್ ಮೇಡಂ ಕಣ್ಣು ಮುಚ್ಚಿಕೊಂಡು ತೀವ್ರವಾಗಿ ಖಂಡಿಸಿ, ಕಣ್ಣು ತೆರೆದು, ಪಕ್ಕದಿಂದ ಸರಿಯಾಗಿ ಕಾಣಿಸಲಿಲ್ಲ ಎಂದರು. ಮೊದಲ ಏಟಿಗೆ ದೂರಾದರೂ ಇತ್ತು. ಇವುಗಳಿಗೆ ಪ್ರಾಧಿಕಾರದ ಮೊಹರೇ ಬಿತ್ತು.

ವರದಿ ಬಹಳ ಹೆಸರು ಮಾಡಿತು. ಪೊಲೀಸ್ ತರಬೇತಿ ಕೇಂದ್ರಗಳೆಲ್ಲ ಈ ಪ್ರಾತ್ಯಕ್ಷಿಕೆ ತಮಗೂ ಬೇಕೆಂದವು. ದೂರುದಾರನು ವಿಚಾರಣೆಗೆ ಸಹಕರಿಸತಕ್ಕದ್ದು ಎಂಬ ನಿಯಮದನ್ವಯ ಕೀಲಿಯಣ್ಣನನ್ನೂ ದಫೇದಾರರನ್ನೂ ಜೋಡಿಯಾಗಿ ಊರೂರಿಗೆ ಕಳಿಸಲಾಯಿತು. ಪ್ರತಿ ಊರಿನಲ್ಲೂ ಅದೇ: ಮೊದಲು ಸ್ವಾಗತ, ಮೂವರು ತಜ್ಞರ ಭಾಷಣ, ಆಮೇಲೆ ಏಟು, ಕೊನೆಗೆ ಸಂವಾದ. ಏಟು ಹೇಗಿರಬಾರದು ಎಂದು ತೋರಿಸುವುದಕ್ಕೆ ಏಟು ಅನಿವಾರ್ಯವಾಗಿತ್ತು. ಹಿಂದಿನ ಸಾಲಿನ ಶಿಕ್ಷಣಾರ್ಥಿಗಳು "ಒನ್ಸ್ ಮೋರ್" ಎನ್ನುತ್ತಿದ್ದರು.

ಇತ್ತ ಬೀದಿಯಲ್ಲಿ, "ಎಲ್ಲಿ ಹೋದ್ರಮ್ಮಾ ನಿಮ್ಮನೆಯವರು, ಕಾಣ್ತಾನೇ ಇಲ್ಲ?" ಎಂದು ಯಾರಾದರೂ ಕೇಳಿದರೆ ಹೆಂಡತಿ ಸುಳ್ಳು ಹೇಳಲಾರದೆ, "ಪೊಲೀಸ್‌ನೋರ ಜೊತೆ ಹೋಗಿದ್ದಾರೆ" ಎನ್ನುತ್ತಿದ್ದಳು. ಕೇಳಿದವರು "ಪಾಪ" ಎಂದು ತಮ್ಮ ಮನೆಯ ಚಿಲಕ ಹಾಕಿಕೊಳ್ಳುತ್ತಿದ್ದರು.

ದಿನಗಟ್ಟಲೆ ಒಂದೇ ರೈಲು, ಒಂದೇ ರೂಮು ಹಂಚಿಕೊಂಡರೆ ಹಾವು ಮುಂಗುಸಿಯೂ ಮಾತಾಡಲೇಬೇಕಾಗುತ್ತದೆ. ದಫೇದಾರರಿಗೆ ಭುಜ ಹಿಡಿದುಕೊಂಡಿತ್ತು. "ದಿನಾ ಎತ್ತಿ ಎತ್ತಿ ತೋಳು ಬಿದ್ದೇ ಹೋಗಿದೆ ಕಣಯ್ಯ" ಎಂದು ನರಳಿದರೆ ಕೀಲಿಯಣ್ಣನೇ ಮುಲಾಮು ತೀಡುತ್ತಿದ್ದ. ನಾಳೆ ಈ ಕೈಯಿಂದಲೇ ಏಟು ತಿನ್ನಬೇಕು ಎಂಬುದು ಗೊತ್ತಿದ್ದೂ, ನೋವು ಎಲ್ಲಿದೆ ಎಂದು ಕೇಳಿ ಕೇಳಿ ತೀಡುತ್ತಿದ್ದ.

ಒಂದು ಸಲ ಹಾಗೆ ತೀಡಿಸಿಕೊಳ್ಳುತ್ತ ದಫೇದಾರರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: "ಆ ಕಿವಿ... ಸ್ವಲ್ಪವೂ ಕೇಳಲ್ವಾ?"

"ಇಲ್ಲ. ಮನುಷ್ಯರ ಮಾತಿಗೆ ಇನ್ನೊಂದು ಸಾಕು, ದಫೇದಾರ್ರೇ. ಆದ್ರೆ ಬೀಗ ಕೇಳ್ತಾ ಇದ್ದಿದ್ದು ಎಡಗಿವೀಲೇ. ಬಲಗಿವೀಗೆ ಆ ಭಾಷೆ ಬರಲ್ಲ."

ದಫೇದಾರರು ಅಂಗಿಯ ತೋಳು ಇಳಿಸಿಕೊಂಡು, "ಸಾಕು ಬಿಡು, ಇವತ್ತಿಗೆ ನೋವಿಲ್ಲ" ಎಂದರು.

ಪ್ರವಾಸ ಮುಗಿಸಿ ಬಂದ ಮೇಲೆ ಒಂದು ಸಂಜೆ ದಫೇದಾರರು ಕೀಲಿಯಣ್ಣನ ಅಂಗಡಿಗೆ ನಡೆದುಕೊಂಡೇ ಬಂದರು. ಹೇಳಬೇಕಾದ ಮಾತನ್ನು ಸಮವಸ್ತ್ರದಲ್ಲೇ ಹೇಳಬೇಕೆಂಬ ಮರ್ಯಾದೆಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟಿದ್ದರು. ಬೀದಿಯವರು ನೋಡಿದರು. ಕಿಟಕಿಗಳು ಮುಚ್ಚಿಕೊಂಡು, ಕಿಟಕಿಯ ಸಂದುಗಳು ತೆರೆದುಕೊಂಡವು. ಕೀಲಿಯಣ್ಣ ವೈಸಿನ ಮೇಲೆ ಬಗ್ಗಿ ಕೀಲಿಯೊಂದರ ಹಲ್ಲನ್ನು ಅರದಿಂದ ಉಜ್ಜುತ್ತಿದ್ದ. ದಫೇದಾರರು ಅವನ ಎಡಕ್ಕೆ ನಿಂತು, ಟೋಪಿ ತೆಗೆದು, ಅಷ್ಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಆಡದಿದ್ದ ಮಾತನ್ನು ಮೆಲುದನಿಯಲ್ಲಿ ಆಡಿದರು. ಉತ್ತರಕ್ಕೆ ಕಾದರು. ಕೀಲಿಯಣ್ಣ ಉಜ್ಜುತ್ತಲೇ ಇದ್ದ. ದಫೇದಾರರು ಟೋಪಿ ಹಾಕಿಕೊಂಡು ತಲೆ ತಗ್ಗಿಸಿ ಹೊರಟುಹೋದರು.

ಕಟಿಂಗ್ ಅಂಗಡಿಯವನು ಕೂದಲು ಗುಡಿಸುವ ನೆಪದಲ್ಲಿ ಹತ್ತಿರ ಬಂದಿದ್ದ. 'ತಪ್ಪಾಯ್ತು' ಎಂಬ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಮರುದಿನದ ಗಿರಾಕಿಗಳಿಗೆಲ್ಲ ಅದನ್ನೇ ಬಡಿಸಿದ: "ತಪ್ಪಾಯ್ತು ಅಂದಿದ್ದು ನನ್ನ ಕಿವಿಯಾರೆ ಕೇಳಿದೆ. ಪೊಲೀಸ್‌ನೋರು ಎಲ್ಲಾದ್ರೂ ಹಾಗಂತಾರಾ? ಕೀಲಿಯಣ್ಣನೇ ಅಂದಿದ್ದು. ಒಪ್ಕೊಂಡ್ಬಿಟ್ಟ ನೋಡಿ ಪಾಪ."

ದಫೇದಾರರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೆ ಹೇಳಿದರು. ಇನ್ಸ್‌ಪೆಕ್ಟರು ಬೆಚ್ಚಿಬಿದ್ದು ಮಹಡಿ ಹತ್ತಿದರು. ನಿಯಮಾವಳಿ ಸ್ಪಷ್ಟವಾಗಿತ್ತು: ವಿಚಾರಣೆಯಲ್ಲಿರುವ ಪ್ರಕರಣದಲ್ಲಿ ಯಾವುದೇ ಸಿಬ್ಬಂದಿಯು ಪೂರ್ವಾನುಮತಿಯಿಲ್ಲದೆ ಪಶ್ಚಾತ್ತಾಪ ಪಡತಕ್ಕದ್ದಲ್ಲ.

ತುರ್ತು ವಿಚಾರಣೆ ಸೇರಿತು. ಏಟಿನ ವಿಚಾರಣೆಗೆ ತಡವಾಗಿ ಬಂದು ಕೂರುತ್ತಿದ್ದ ತಜ್ಞರು ಇದಕ್ಕೆ ಮುಂಚಿತವಾಗಿಯೇ ಬಂದು ಕೂತಿದ್ದರು. ಕೀಲಿಯಣ್ಣನನ್ನು ಸಾಕ್ಷಿಯಾಗಿ ಕರೆಸಲಾಯಿತು.

"ದಫೇದಾರರು ನಿಮ್ಮಲ್ಲಿ ಕ್ಷಮೆ ಕೇಳಿದ್ದು ನಿಜವೇ?" ಅಧ್ಯಕ್ಷರು ಕೇಳಿದರು.

"ಕ್ಷಮೆನಾ? ನನಗೆ ಕೇಳಿಸ್ಲಿಲ್ವಲ್ಲ ಸಾರ್."

"ಯಾಕೆ ಕೇಳಿಸಲಿಲ್ಲ?"

"ಎಡಗಿವಿ ಹೋಗಿದೆ. ಅವರು ಹೊಡೆದಾಗಿನಿಂದ."

"ಹೊಡೆದದ್ದು ಇನ್ನೂ ಸಾಬೀತಾಗಿಲ್ಲ. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಕಿವಿ ಕೇಳುತ್ತದೆ."

"ಇದೇ ರೂಮಲ್ಲಿ ನೀವೇ ನಿಂತು ಹೊಡೆಸಿದ್ರಲ್ಲ ಸಾರ್?"

"ಅದು ಪ್ರಾತ್ಯಕ್ಷಿಕೆ. ಪ್ರಾತ್ಯಕ್ಷಿಕೆಯಿಂದ ಕಿವಿ ಹೋಗುವುದಿಲ್ಲ."

ಕೀಲಿಯಣ್ಣ ಅಧ್ಯಕ್ಷರನ್ನು ಬಿಟ್ಟು ದಫೇದಾರರ ಕಡೆ ತಿರುಗಿದ. ಅವರು ತಮ್ಮ ಬೂಟನ್ನೇ ನೋಡುತ್ತಿದ್ದರು.

"ಅಂದ್ರಾ? ನಿಜವಾಗ್ಲೂ ಅಂದ್ರಾ?"

"ಅಂದೆ ಕಣಯ್ಯ. ನೀನು ತಲೇನೇ ಎತ್ಲಿಲ್ಲ. ಇನ್ನೂ ಕೋಪ ಇದೆ ಅನ್ಕೊಂಡೆ."

ಆಡಿದ ಮಾತು ಕೀಲಿಯಣ್ಣನ ಪಕ್ಕಕ್ಕೇ ಬಂದು, ಬಾಗಿಲು ತಟ್ಟಿ, ಯಾರೂ ತೆಗೆಯಲಿಲ್ಲವೆಂದು ಹಿಂದಿರುಗಿತ್ತು. "ನನ್ನ ದೂರು ನಾನು ವಾಪಸ್ ತಗೋತೀನಿ ಸಾರ್" ಎಂದ.

"ಅದು ಈಗ ನಿಮ್ಮದಲ್ಲ. ಮೂರು ತರಬೇತಿ ಕೇಂದ್ರದಲ್ಲಿ ಪಠ್ಯವಾಗಿದೆ" ಎಂದರು ಅಧ್ಯಕ್ಷರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಎತ್ತಿಗೇ ಬರೆ ಬಿತ್ತು, ಜ್ವರ ಇಳಿದದ್ದಕ್ಕೆ. ಅನಧಿಕೃತ ಕ್ಷಮಾಯಾಚನೆಗಾಗಿ ದಫೇದಾರರನ್ನು ಅಮಾನತು ಮಾಡಲಾಯಿತು. ಪ್ರಾಧಿಕಾರಕ್ಕೆ ಬಂದ ಒಟ್ಟು ದೂರು ಒಂದು, ಶಿಕ್ಷೆಯಾದದ್ದೂ ಒಂದು; ಇಂಥ ನೂರಕ್ಕೆ ನೂರು ಫಲಿತಾಂಶ ಬೇರೆಲ್ಲೂ ಬಂದಿಲ್ಲವೆಂದು ಅಂಕಿಅಂಶದವರು ಘೋಷಿಸಿದರು. ತಜ್ಞರಿಗೆ ಶಾಲು ಹೊದಿಸಲಾಯಿತು.

ಮನೆಯಲ್ಲಿ ಕೂತರೆ ದಫೇದಾರರ ಹೆಂಡತಿ ಬಿಡುತ್ತಿರಲಿಲ್ಲ. "ಹೊಡೆದು ಸಸ್ಪೆಂಡ್ ಆದೋರನ್ನ ಕೇಳಿದ್ದೀನಿ, ತಪ್ಪಾಯ್ತು ಅಂದು ಆದೋರನ್ನ ನಿಮ್ಮನ್ನೇ ನೋಡಿದ್ದು" ಎಂದು ಬೆಳಗಾದರೆ ಶುರುಮಾಡುತ್ತಿದ್ದಳು. ಹಾಗಾಗಿ ಅವರು ಕೀಲಿಯಣ್ಣನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದರು. ಮೊದಮೊದಲು ಸುಮ್ಮನೆ ಕೂತರು. ಆಮೇಲೆ ಕೈ ಸುಮ್ಮನಿರದೆ ಬೀಗಗಳ ತುಕ್ಕು ಉಜ್ಜಿದರು. ಒಂದು ದಿನ ಹಳೆಯ ಬೀಗವೊಂದು ಏನು ಮಾಡಿದರೂ ಬಗ್ಗದಾಗ ಕೀಲಿಯಣ್ಣ ಅದನ್ನು ಕೆಳಗಿಟ್ಟು ಕೈಚೆಲ್ಲಿದ.

"ಕೊಡಿಲ್ಲಿ" ಎಂದು ದಫೇದಾರರು ಅದನ್ನು ಕಿವಿಗೆ ಹಿಡಿದರು. "ತಂತಿ ನೀನು ಆಡಿಸು. ನಾನು ಕೇಳ್ತೀನಿ."

"ಏನಾದ್ರೂ ಅಂತಾ?"

"ಸುಮ್ನಿರಯ್ಯ... ಹಾಂ. ಈಗ ಅಂತು."

ಬೀಗ ಬಿಚ್ಚಿಕೊಂಡಿತು. ಮನೆಯಿಂದ ಟೀ ತಂದ ಕೀಲಿಯಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು. ತಂದದ್ದು ಒಂದೇ ಲೋಟ. ಅದನ್ನು ದಫೇದಾರರ ಮುಂದಿಟ್ಟು, ಗಂಡನಿಗೆ ಇನ್ನೊಂದು ತರಲು ಮನೆಗೆ ಹೋದಳು.

ಬೀದಿ ಇದನ್ನೆಲ್ಲ ಗಮನಿಸುತ್ತಿತ್ತು. ಅಮಾನತು ಎಂಬ ಸೂಕ್ಷ್ಮ ಬೀದಿಗೆ ತಿಳಿಯದು. ಕೀಲಿಯಣ್ಣನ ಅಂಗಡಿಯಲ್ಲಿ ದಿನಪೂರ್ತಿ ಪೊಲೀಸ್‌ನೋರು ಕೂತಿರುತ್ತಾರೆ, ಅಷ್ಟೇ ತಿಳಿದದ್ದು. ಇಷ್ಟು ಬಂದೋಬಸ್ತಿನ ಅಂಗಡಿ ಊರಲ್ಲೇ ಇಲ್ಲ ಎಂದು ಜನ ಬೀಗಗಳನ್ನು ಹೊತ್ತು ತಂದರು. ಅಜ್ಜಿಯೂ ಬಂದಳು. ಯಾರೂ ಯಾರ ತಪ್ಪೆಂದು ಕೇಳಲಿಲ್ಲ. ಪೊಲೀಸ್ ಪಕ್ಕದಲ್ಲಿರುವವನು ಕಳ್ಳನಿರಲಾರ ಎಂಬುದು, ಪೊಲೀಸ್ ಹೊಡೆದವನು ಕಳ್ಳನೇ ಇರಬೇಕು ಎಂಬಷ್ಟೇ ಗಟ್ಟಿಯಾದ ನಂಬಿಕೆಯಾಗಿತ್ತು.

ತಜ್ಞರು ಮತ್ತೆ ಬಂದರು. ಅಂಗಡಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ವೀಕ್ಷಿಸಿದರು. "ನಾನು ಮೊದಲಿನಿಂದಲೂ ಹೇಳ್ತಿದ್ದದ್ದು ಇದನ್ನೇ" ಎಂದು ಮೂವರೂ ಒಟ್ಟಿಗೆ ಹೇಳಿದರು. ವಾರ ಕಳೆಯುವುದರೊಳಗೆ ಪ್ರಾಧಿಕಾರದ ಆದೇಶ ಹೊರಬಿತ್ತು:

"ಸುಧಾರಣಾ ಕ್ರಮವಾಗಿ, ಇನ್ನು ಮುಂದೆ ಅಂಗೈ-ಕೆನ್ನೆ ಸಂಪರ್ಕಕ್ಕೆ ಒಳಗಾದ ಪ್ರತಿಯೊಬ್ಬ ನಾಗರಿಕನ ಅಂಗಡಿ ಅಥವಾ ಮನೆಗೆ ಸಂಬಂಧಪಟ್ಟ ಪೊಲೀಸ್ ಸಿಬ್ಬಂದಿಯನ್ನೇ ಸಹಾಯಕನಾಗಿ ನಿಯೋಜಿಸತಕ್ಕದ್ದು. ಸಂಪರ್ಕಕ್ಕೆ ಒಳಗಾಗದವರು ಈ ಸೌಲಭ್ಯಕ್ಕೆ ಅರ್ಹರಲ್ಲ."

ಮರುದಿನ ಬೆಳಗ್ಗೆ ಠಾಣೆಯ ಮುಂದೆ ಸರತಿ ನಿಂತಿತ್ತು. ದಿನಸಿ ಅಂಗಡಿಯವನು, ಸೈಕಲ್ ಪಂಕ್ಚರಿನವನು, ಮೂರು ಮಹಡಿ ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರ. ಔಷಧಿ ಅಂಗಡಿಯ ಮಾಲೀಕರು ಅಳಿಯನನ್ನೂ ಕರೆತಂದಿದ್ದರು, ಮನೆಗೊಬ್ಬ, ಅಂಗಡಿಗೊಬ್ಬ ಸಿಕ್ಕರೆ ಒಳ್ಳೆಯದೆಂದು. ಜನ ಕೆನ್ನೆ ಬೋಳಿಸಿಕೊಂಡು ಶುಭ್ರವಾಗಿ ಬಂದಿದ್ದರು. ರೈಟರು ಟೋಕನ್ ಹಂಚಿದರು. ಶಿಫಾರಸು ಇದ್ದವರಿಗೆ ಹಗುರವಾಗಿ, ಇಲ್ಲದವರಿಗೆ ಪದ್ಧತಿ ಪ್ರಕಾರ ಕೊಡಲಾಯಿತು. "ಸಾಲು ತಪ್ಪಿಸ್ಬೇಡಿ, ಎಲ್ಲರಿಗೂ ಸಿಗುತ್ತೆ" ಎಂದು ಇನ್ಸ್‌ಪೆಕ್ಟರೇ ಬಾಗಿಲಲ್ಲಿ ನಿಂತು ಸಮಾಧಾನ ಹೇಳುತ್ತಿದ್ದರು.

ಕೆಲವೇ ದಿನಗಳಲ್ಲಿ ಠಾಣೆಯ ಸಿಬ್ಬಂದಿಯೆಲ್ಲ ಅಂಗಡಿಗಳಿಗೆ ನಿಯೋಜನೆಗೊಂಡು ಠಾಣೆ ಬರಿದಾಯಿತು. ಲಾಕಪ್ಪಿನಲ್ಲಿ ಹಿಂಸೆ ಸಂಪೂರ್ಣ ನಿಂತಿದೆಯೆಂದು ತಜ್ಞರು ವರದಿ ಸಲ್ಲಿಸಿದರು. ಅದು ಅಕ್ಷರಶಃ ನಿಜವಾಗಿತ್ತು, ಲಾಕಪ್ಪನ್ನು ತೆರೆಯಲೂ ಅಲ್ಲಿ ಯಾರೂ ಇರಲಿಲ್ಲ.

ಕಟಿಂಗ್ ಅಂಗಡಿಯವನ ಸರದಿ ಕೊಂಚ ತಡವಾಗಿ, ಠಾಣೆ ಬರಿದಾಗುವ ಮುಂಚಿನ ದಿನ ಬಂದಿತ್ತು. ಅಂದು ಅವನು ಕೆಂಪು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಹಿಂದೆ ಒಬ್ಬ ಎಳೆಯ ಕಾನ್ಸ್‌ಟೇಬಲ್ಲನ್ನು ಕರೆದುಕೊಂಡು ಬೀದಿಗೆ ಬಂದಾಗ ಎಲ್ಲರೂ ಹೊರಬಂದು ಅಭಿನಂದಿಸಿದರು. ಕಾನ್ಸ್‌ಟೇಬಲ್ಲು ಟೋಪಿಯನ್ನು ಕನ್ನಡಿಯ ಪಕ್ಕದ ಮೊಳೆಗೆ ಸಿಕ್ಕಿಸಿ, ಪೊರಕೆ ಎಲ್ಲಿದೆ ಎಂದು ಕೇಳಿದ. ಕಟಿಂಗ್ ಅಂಗಡಿಯವನು ಬಾಗಿಲಲ್ಲೇ ನಿಂತು ಏನಂದನೆಂದು ತಿಳಿಯದವನ ಹಾಗೆ ಅವನ ತುಟಿಗಳನ್ನೇ ನೋಡುತ್ತಿದ್ದ.

ಕೀಲಿಯಣ್ಣ ಎದುರಿನಿಂದ ಕೂಗಿದ: "ಯಾವ ಕಿವಿ?"

"ಹಾಂ?"

"ಯಾವ ಕಿವಿ ಹೋಯ್ತು ಅಂದೆ!"

"ಓ... ಎಡದ್ದು."

"ಹಾಗಿದ್ರೆ ಅವರ ಸ್ಟೂಲು ಬಲಗಡೆ ಹಾಕ್ಕೋ" ಎಂದು ಕೀಲಿಯಣ್ಣ ಅನುಭವದ ಮಾತು ಹೇಳಿದ. "ಒಂದಲ್ಲ ಒಂದು ದಿನ ಏನಾದ್ರೂ ಹೇಳ್ತಾರೆ. ಕೇಳಿಸುತ್ತೆ."